ಮಿಡ್‌ವೇ: ನ್ಯಾಯ ಸಿಗದ ಇಬ್ಬರು ಅಡ್ಮಿರಲ್‌ಗಳು

1942ರ ಜೂನ್ 4. ಪೆಸಿಫಿಕ್ ಸಾಗರದ ನಡುವೆ, ಮಿಡ್‌ವೇ ಎಂಬ ಪುಟ್ಟ ಹವಳದ್ವೀಪದ ವಾಯವ್ಯಕ್ಕೆ, ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ಸಾಗುತ್ತಿದ್ದವು. ಅಲ್ಲಿನ ಹೊತ್ತಿನ ಪ್ರಕಾರ ಬೆಳಿಗ್ಗೆ 8 ಗಂಟೆ 20 ನಿಮಿಷಕ್ಕೆ, ಅಕಾಗಿ ಹಡಗಿನಲ್ಲಿದ್ದ ವೈಸ್ ಅಡ್ಮಿರಲ್ ಚುಯಿಚಿ ನಗುಮೋಗೆ ಬೇಹು ವಿಮಾನದಿಂದ ಒಂದು ಸಂದೇಶ ಬಂತು. ಶತ್ರು ಹಡಗುಗಳ ಜೊತೆ ವಿಮಾನವಾಹಕದಂಥದ್ದು ಒಂದಿದೆ ಎಂದು. ಅಲ್ಲಿಂದ ಎರಡು ಗಂಟೆ ಚಿಲ್ಲರೆ ಕಳೆಯುವಷ್ಟರಲ್ಲಿ ಆ ನಾಲ್ಕು ಹಡಗುಗಳಲ್ಲಿ ಮೂರು ಹೊತ್ತಿ ಉರಿಯುತ್ತಿದ್ದವು. ಸಂಜೆಗೆ ನಾಲ್ಕನೆಯದೂ.

ಈ ಕದನದ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿ ಒಂದೇ. ಅಮೆರಿಕದವರು ಗೂಢಲಿಪಿ ಒಡೆದರು, ನಗುಮೋ ಬಾಂಬೋ ಟಾರ್ಪಿಡೊನೋ ಎಂದು ತಡವರಿಸಿದ, ಐದು ನಿಮಿಷದಲ್ಲಿ ಯುದ್ಧದ ದಿಕ್ಕು ಬದಲಾಯಿತು, ರೇಮಂಡ್ ಸ್ಪ್ರೂಯೆನ್ಸ್ ಎಂಬ ಶಾಂತ ಸ್ವಭಾವದ ಅಡ್ಮಿರಲ್ ಗೆದ್ದ. ನಾನೂ ಹೀಗೇ ಓದಿ ಬೆಳೆದವನು. ಆದರೆ ಓದು ಮುಂದುವರಿದಷ್ಟೂ ಒಂದು ವಿಷಯ ನನ್ನನ್ನು ಕಾಡುತ್ತಲೇ ಬಂದಿದೆ. ಅಂದು ಆ ಕಡಲಲ್ಲಿ ಎರಡೂ ಕಡೆಯ ವಾಹಕ ನೌಕೆಗಳಿಗೆ ಮುಖ್ಯಸ್ಥರಾಗಿದ್ದವರು ಇಬ್ಬರು. ಜಪಾನಿನ ಕಡೆ ನಗುಮೋ, ಅಮೆರಿಕದ ಕಡೆ ರಿಯರ್ ಅಡ್ಮಿರಲ್ ಫ್ರಾಂಕ್ ಜಾಕ್ ಫ್ಲೆಚರ್. ಒಬ್ಬರ ಹೆಸರು ಮೂರ್ಖತನಕ್ಕೆ ಉದಾಹರಣೆಯಾಗಿ ಉಳಿದಿದೆ, ಇನ್ನೊಬ್ಬರ ಹೆಸರು ಉಳಿದೇ ಇಲ್ಲ. ಇಬ್ಬರಿಗೂ ಅನ್ಯಾಯವಾಗಿದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನಗುಮೋನ ಪಡೆ ನಮಗೆ ಅಷ್ಟೇನೂ ದೂರದ್ದಲ್ಲ. ಮಿಡ್‌ವೇಗೆ ಎರಡು ತಿಂಗಳು ಮೊದಲು, 1942ರ ಏಪ್ರಿಲ್‌ನಲ್ಲಿ, ಅದು ಹಿಂದೂ ಮಹಾಸಾಗರದಲ್ಲಿತ್ತು. ಏಪ್ರಿಲ್ 5ರಂದು ಕೊಲಂಬೊ, 9ರಂದು ಟ್ರಿಂಕೋಮಲಿ ಅದರ ವಿಮಾನಗಳ ದಾಳಿಗೆ ತುತ್ತಾದವು. ಬ್ರಿಟನ್ನಿನ ವಿಮಾನವಾಹಕ ಹರ್ಮಿಸ್ ಶ್ರೀಲಂಕಾದ ಪೂರ್ವ ಕರಾವಳಿಯ ಬಳಿ ಮುಳುಗಿತು. ಅದೇ ಹೆಸರು ಹೊತ್ತು ಮುಂದೆ ಕಟ್ಟಿದ ಇನ್ನೊಂದು ಹಡಗೇ ನಮ್ಮ ಐಎನ್‌ಎಸ್ ವಿರಾಟ್ ಆದದ್ದು. ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲಿನ ದಾಳಿಯಿಂದ ಶ್ರೀಲಂಕಾವರೆಗೆ ನಾಲ್ಕು ತಿಂಗಳು ಸೋಲನ್ನೇ ಕಾಣದ ಪಡೆ ಅದು. ಕಾರವಾರದ ಕದಂಬ ನೆಲೆಯಲ್ಲಿ ನಮ್ಮ ವಿಮಾನವಾಹಕ ವಿಕ್ರಮಾದಿತ್ಯವನ್ನು ಕಂಡವರು ಅಕಾಗಿಯ ಗಾತ್ರವನ್ನು ಊಹಿಸಿಕೊಳ್ಳಬಹುದು. ವಿಕ್ರಮಾದಿತ್ಯ 284 ಮೀಟರ್ ಉದ್ದ, ಅಕಾಗಿ ಸುಮಾರು 260. ಅಂಥವು ಪರ್ಲ್ ಹಾರ್ಬರ್‌ಗೆ ಆರು ಹೋಗಿದ್ದವು. ಮಿಡ್‌ವೇಗೆ ಬಂದದ್ದು ನಾಲ್ಕೇ: ಅಕಾಗಿ, ಕಾಗಾ, ಸೊರ್ಯು, ಹಿರ್ಯು. ಉಳಿದೆರಡರಲ್ಲಿ ಶೋಕಾಕು ಮೇ ತಿಂಗಳ ಕೋರಲ್ ಸಮುದ್ರದ ಕಾಳಗದಲ್ಲಿ ಪೆಟ್ಟು ತಿಂದಿತ್ತು, ಜುಯಿಕಾಕು ಅಲ್ಲೇ ತನ್ನ ಪೈಲಟ್‌ಗಳನ್ನು ಕಳೆದುಕೊಂಡಿತ್ತು. ಆ ಕಾಳಗದಲ್ಲಿ ಅಮೆರಿಕದ ಪಡೆಯನ್ನು ನಡೆಸಿದವರು ಇದೇ ಫ್ಲೆಚರ್. ಮಿಡ್‌ವೇಯ ಲೆಕ್ಕವನ್ನು ಜೂನ್‌ನಿಂದಲ್ಲ, ಇಲ್ಲಿಂದ ಶುರುಮಾಡಬೇಕು.

ಪರ್ಲ್ ಹಾರ್ಬರ್‌ನಲ್ಲಿ ಕುಳಿತಿದ್ದ ಚೆಸ್ಟರ್ ನಿಮಿಟ್ಜ್ ಪೆಸಿಫಿಕ್‌ನ ಇಡೀ ನೌಕಾಪಡೆಗೆ ಒಡೆಯ. ಒಂದು ನೆಲಮಾಳಿಗೆಯಲ್ಲಿ ಹಗಲುರಾತ್ರಿ ಜಪಾನಿನ ಗೂಢಲಿಪಿಯ ತುಣುಕುಗಳನ್ನು ಜೋಡಿಸುತ್ತಿದ್ದ ಜೋಸೆಫ್ ರೋಶ್‌ಫೋರ್ಟ್‌ನನ್ನು ಅವರು ನಂಬಿದರು. ವಾಷಿಂಗ್ಟನ್ ಪೂರ್ತಿ ಒಪ್ಪಿರಲಿಲ್ಲ. ಶತ್ರುವಿನ ಸಂದೇಶಗಳಲ್ಲಿ 'ಎಎಫ್' ಎಂದು ಬರುವ ಜಾಗ ಮಿಡ್‌ವೇಯೇ ಎಂದು ಖಚಿತಪಡಿಸಿಕೊಳ್ಳಲು ಹೂಡಿದ ಉಪಾಯ ಈಗ ಎಲ್ಲರಿಗೂ ಗೊತ್ತು. ಮಿಡ್‌ವೇಯಲ್ಲಿ ಸಿಹಿನೀರಿನ ಯಂತ್ರ ಕೆಟ್ಟಿದೆ ಎಂದು ಬಹಿರಂಗವಾಗಿ ಸುಳ್ಳು ಸಂದೇಶ ಕಳಿಸಿದರು. ಸ್ವಲ್ಪದರಲ್ಲೇ ಜಪಾನಿನವರು 'ಎಎಫ್‌ನಲ್ಲಿ ನೀರಿನ ಕೊರತೆ' ಎಂದು ತಮ್ಮವರಿಗೆ ತಿಳಿಸಿದರು. ನಿಮಿಟ್ಜ್‌ರ ಗುಪ್ತಚರ ಅಧಿಕಾರಿ ಎಡ್ವಿನ್ ಲೇಟನ್ ಅಂತೂ ಶತ್ರು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಗಂಟೆಗೆ ಕಾಣಿಸಿಕೊಳ್ಳುತ್ತಾನೆ ಎಂದು ಮೊದಲೇ ಹೇಳಿದ್ದ. ಅವನ ಅಂದಾಜು ತಪ್ಪಿದ್ದು ಐದು ಮೈಲಿ, ಐದು ಡಿಗ್ರಿ, ಐದು ನಿಮಿಷ ಮಾತ್ರ ಎಂದು ಆಮೇಲೆ ನಿಮಿಟ್ಜ್ ಹೇಳಿದರು.

ಕೋರಲ್ ಸಮುದ್ರದಿಂದ ಗಾಯಗೊಂಡು ಬಂದ ಯಾರ್ಕ್‌ಟೌನ್ ಹಡಗಿನ ರಿಪೇರಿಗೆ 90 ದಿನ ಬೇಕು ಎಂಬ ಅಂದಾಜಿತ್ತು. ಮೇ 27ರಂದು ಬಂದರಿಗೆ ಸೇರಿದ ಅದನ್ನು ಕೆಲಸಗಾರರು ಹಗಲಿರುಳು ದುಡಿದು 30ಕ್ಕೆ ಸಮುದ್ರಕ್ಕೆ ಕಳಿಸಿದರು. ಇನ್ನೆರಡು ವಾಹಕಗಳಾದ ಎಂಟರ್‌ಪ್ರೈಸ್ ಮತ್ತು ಹಾರ್ನೆಟ್‌ಗಳ ನಾಯಕ ಹಾಲ್ಸಿ ಚರ್ಮರೋಗದಿಂದ ಆಸ್ಪತ್ರೆ ಸೇರಿದ್ದರು. ತಮ್ಮ ಜಾಗಕ್ಕೆ ಅವರು ಸೂಚಿಸಿದ್ದು ತಮ್ಮ ಕ್ರೂಸರ್‌ಗಳ ಮುಖ್ಯಸ್ಥ ಸ್ಪ್ರೂಯೆನ್ಸ್‌ರನ್ನು. ಸ್ಪ್ರೂಯೆನ್ಸ್ ವಿಮಾನಗಳ ಮನುಷ್ಯನಲ್ಲ. ಫ್ಲೆಚರ್ ಕೂಡ ಅಲ್ಲ. ಟಾರ್ಪಿಡೊ ಕಾಳಗದಲ್ಲಿ ಪಳಗಿದ್ದ ನಗುಮೋ ಕೂಡ ಅಲ್ಲ. ವಿಮಾನವಾಹಕಗಳ ನಡುವಿನ ಇಷ್ಟು ದೊಡ್ಡ ಕದನವನ್ನು ನಡೆಸಿದ ಈ ಮೂವರಲ್ಲಿ ಒಬ್ಬರೂ ಪೈಲಟ್ ಆಗಿರಲಿಲ್ಲ. ಹುದ್ದೆಯಲ್ಲಿ ಹಿರಿಯರಾದ್ದರಿಂದ ಕಡಲ ಮೇಲಿನ ಒಟ್ಟು ಅಧಿಕಾರ ಫ್ಲೆಚರ್‌ರದ್ದು.

ಈಗ ನಗುಮೋನ ಆ ಬೆಳಗಿಗೆ ಬರೋಣ. 4:30ಕ್ಕೆ ತೊಮೊನಾಗ ಎಂಬ ಪೈಲಟ್‌ನ ನೇತೃತ್ವದಲ್ಲಿ 108 ವಿಮಾನಗಳು ಮಿಡ್‌ವೇ ಕಡೆ ಹಾರಿದವು. ಅರ್ಧದಷ್ಟು ವಿಮಾನಗಳನ್ನು ಶತ್ರು ಹಡಗುಗಳು ಕಂಡರೆ ಇರಲಿ ಎಂದು ಹಿಂದೆ ಉಳಿಸಿಕೊಂಡಿದ್ದರು. ಜಪಾನಿನ ನೌಕಾಪಡೆಯ ದಂಡನಾಯಕ ಯಮಾಮೊಟೊನ ಸೂಚನೆಯೂ ಅದೇ ಆಗಿತ್ತು. ಅಷ್ಟು ವಿಶಾಲವಾದ ಕಡಲನ್ನು ಹುಡುಕಲು ಕಳಿಸಿದ್ದು ಮಾತ್ರ ಏಳೇ ವಿಮಾನ. ಇದನ್ನು ನಾನು ಸಮರ್ಥಿಸುವುದಿಲ್ಲ. ಶತ್ರು ವಾಹಕಗಳು ಹತ್ತಿರದಲ್ಲಿಲ್ಲ ಎಂಬ ನಂಬಿಕೆ ನಗುಮೋನ ಅಧಿಕಾರಿಗಳಿಗೆಲ್ಲ ಮೈಗೂಡಿಬಿಟ್ಟಿತ್ತು. 7 ಗಂಟೆಗೆ ತೊಮೊನಾಗ 'ಎರಡನೇ ದಾಳಿ ಬೇಕು' ಎಂದ. ಅದೇ ಹೊತ್ತಿಗೆ ಮಿಡ್‌ವೇಯಿಂದ ಬಂದ ಅಮೆರಿಕದ ವಿಮಾನಗಳು ನಗುಮೋನ ಮೇಲೆ ಎರಗಿದವು. ಒಂದು ಬಿ-26 ವಿಮಾನ ಹಡಗನ್ನು ನಡೆಸುವ ಜಾಗವಾದ ಅಕಾಗಿಯ ಬ್ರಿಜ್‌ಗೆ ತಗುಲುವಷ್ಟು ಹತ್ತಿರ ಹಾರಿ ಸಮುದ್ರಕ್ಕೆ ಬಿತ್ತು. ನಗುಮೋ ನಿಂತಿದ್ದದ್ದೇ ಆ ಬ್ರಿಜ್‌ನಲ್ಲಿ. ಮಿಡ್‌ವೇಯನ್ನು ಮತ್ತೆ ಹೊಡೆಯಬೇಕು ಎಂದು ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ? 7:15ಕ್ಕೆ ಅಕಾಗಿ, ಕಾಗಾಗಳ ವಿಮಾನಗಳಿಂದ ಟಾರ್ಪಿಡೊ ಇಳಿಸಿ ಬಾಂಬ್ ಕಟ್ಟಲು ಆಜ್ಞೆ ಹೋಯಿತು. 7:45ರ ಹೊತ್ತಿಗೆ, ಶತ್ರು ಹಡಗುಗಳಿವೆ ಎಂಬ ಮೊದಲ ಸುದ್ದಿ ಬಂದ ಮೇಲೆ, ಆ ಕೆಲಸ ನಿಲ್ಲಿಸಲು ಆಜ್ಞೆ ಬಂತು. ಕೊನೆಗೆ 8:20ಕ್ಕೆ, ಮೊದಲಲ್ಲೇ ಹೇಳಿದ ಆ ಸಂದೇಶ.

ಹಿರ್ಯುವಿನಲ್ಲಿದ್ದ ರಿಯರ್ ಅಡ್ಮಿರಲ್ ತಮೋನ್ ಯಮಾಗುಚಿ ಆಗ ಒಂದು ಸಲಹೆ ಕಳಿಸಿದ: ಇರುವುದನ್ನು ಈಗಲೇ ಹಾರಿಸೋಣ. ಯಮಾಗುಚಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದಿದವನು, ಚುರುಕು ಬುದ್ಧಿಯವನು, ಧೈರ್ಯಸ್ಥ. ಅವನ ಮಾತು ಕೇಳಿದ್ದರೆ ಜಪಾನ್ ಗೆಲ್ಲುತ್ತಿತ್ತು ಎಂದು ಎಷ್ಟೋ ಜನ ಬರೆದಿದ್ದಾರೆ. ಆದರೆ ಆ ಡೆಕ್ಕಿನ ಮೇಲೆ ನಿಂತು ಯೋಚಿಸಿ ನೋಡಿ. ಹಿರ್ಯು, ಸೊರ್ಯುಗಳಲ್ಲಿ ಮೇಲಿನಿಂದ ಧುಮುಕಿ ಬಾಂಬ್ ಹಾಕುವ ಡೈವ್ ಬಾಂಬರ್‌ಗಳು ಮೂವತ್ತಕ್ಕೂ ಹೆಚ್ಚಿದ್ದವು, ನಿಜ. ಅವುಗಳಿಗೆ ರಕ್ಷಣೆಯಾಗಿ ಹೋಗಬೇಕಿದ್ದ ಜೀರೋ ವಿಮಾನಗಳಲ್ಲಿ ಹೆಚ್ಚಿನವು ಮಿಡ್‌ವೇಯಿಂದ ಬಂದ ದಾಳಿಗಳನ್ನು ತಡೆಯಲು ಆಗಲೇ ಮೇಲೇರಿ ಗುಂಡು ಖಾಲಿ ಮಾಡಿಕೊಂಡಿದ್ದವು. ಫೈಟರ್ ಬೆಂಗಾವಲಿಲ್ಲದೆ ಬಂದ ಬಾಂಬರ್‌ಗಳ ಗತಿ ಏನಾಗುತ್ತದೆ ಎಂಬುದನ್ನು ಕಳೆದ ಒಂದು ಗಂಟೆಯಿಂದ ನಗುಮೋ ಕಣ್ಣಾರೆ ನೋಡುತ್ತಿದ್ದರು. ಹ್ಯಾಂಗರ್‌ನಲ್ಲಿದ್ದ ವಿಮಾನಗಳನ್ನು ಲಿಫ್ಟಿನಲ್ಲಿ ಮೇಲೆ ತಂದು, ಸಾಲಾಗಿ ನಿಲ್ಲಿಸಿ, ಎಂಜಿನ್ ಕಾಯಿಸಿ ಹಾರಿಸಲು ಮುಕ್ಕಾಲು ಗಂಟೆಯಷ್ಟು ಬೇಕು. ಅಷ್ಟು ಹೊತ್ತು ಡೆಕ್ಕಿನ ಮೇಲೆ ಯಾವ ವಿಮಾನವೂ ಇಳಿಯುವಂತಿಲ್ಲ. ಅದೇ ಕ್ಷಣಕ್ಕೆ ತೊಮೊನಾಗನ ವಿಮಾನಗಳು, ಸುಮಾರು ನೂರು, ಪೆಟ್ಟು ತಿಂದು ಇಂಧನ ಮುಗಿಯುತ್ತಾ ತಲೆಯ ಮೇಲೆ ಸುತ್ತುತ್ತಿದ್ದವು. ಇಳಿಸಿಕೊಳ್ಳದಿದ್ದರೆ ಅವೆಲ್ಲ ನೀರುಪಾಲು. ಅವುಗಳಲ್ಲಿದ್ದವರು ಜಪಾನಿನ ಅತ್ಯುತ್ತಮ ಪೈಲಟ್‌ಗಳು.

ನಗುಮೋ ಅವರನ್ನು ಇಳಿಸಿಕೊಂಡರು. ಎಲ್ಲವನ್ನೂ ಸರಿಯಾಗಿ ಜೋಡಿಸಿ, ಬೆಂಗಾವಲಿನೊಡನೆ ಪೂರ್ಣ ದಾಳಿ ಮಾಡೋಣ ಎಂದು ತೀರ್ಮಾನಿಸಿದರು. ಅವರ ನೌಕಾಪಡೆ ಅವರಿಗೆ ಕಲಿಸಿದ್ದೇ ಇದನ್ನು. ಕೈಯಲ್ಲಿದ್ದ ಮಾಹಿತಿಯಂತೆ ಶತ್ರುವಿನ ಬಳಿ ಒಂದು ವಾಹಕ, ಅದೂ ದೂರದಲ್ಲಿ. ಇದ್ದದ್ದು ಮೂರು, ಮತ್ತು ಅವುಗಳ ವಿಮಾನಗಳು ಆಗಲೇ ಗಾಳಿಯಲ್ಲಿದ್ದವು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಸ್ಪ್ರೂಯೆನ್ಸ್‌ರ ವಿಮಾನಗಳು 7 ಗಂಟೆಯಿಂದಲೇ ಏರತೊಡಗಿದ್ದವು. ನಗುಮೋ ಯಮಾಗುಚಿಯ ಮಾತು ಕೇಳಿದ್ದರೂ ಆ ವಿಮಾನಗಳು ಬರುವುದು ತಪ್ಪುತ್ತಿರಲಿಲ್ಲ. 8:20ರಲ್ಲಿ ನಿಂತು ನೋಡಿದರೆ ಅವರ ತೀರ್ಮಾನ ಹೇಡಿಯದ್ದಾಗಲಿ ಮೂರ್ಖನದ್ದಾಗಲಿ ಅಲ್ಲ. ಸೋತ ಕರ್ಣನನ್ನೂ ತೊಡೆ ಮುರಿದು ಬಿದ್ದ ದುರ್ಯೋಧನನನ್ನೂ ಎತ್ತಿ ಹಾಡಿದ ಭಾಷೆ ನಮ್ಮದು. ನಗುಮೋನ ಪಡೆಗೆ ಪರ್ಲ್ ಹಾರ್ಬರ್‌ನ ಲೆಕ್ಕವಿದೆ, ಅದನ್ನು ಮರೆಯಬೇಕಿಲ್ಲ. ಆದರೆ ಸೋತನೆಂಬ ಒಂದೇ ಕಾರಣಕ್ಕೆ ಅವನನ್ನು ದಡ್ಡನೆನ್ನುವುದು ನನ್ನಿಂದಾಗದು.

ಆಮೇಲೆ ಬಂದವು ಅಮೆರಿಕದ ಟಾರ್ಪಿಡೊ ವಿಮಾನಗಳು. ಹಳೆಯ ಡೆವಾಸ್ಟೇಟರ್‌ಗಳು, ನಿಧಾನದವು, ನೀರಿನ ಮೇಲೆ ತಗ್ಗಿ ನೇರವಾಗಿ ಬರಬೇಕಾದವು. ಹಾರ್ನೆಟ್‌ನ ಜಾನ್ ವಾಲ್ಡ್ರನ್ ತನ್ನ ಮೇಲಧಿಕಾರಿ ಹಿಡಿದ ದಿಕ್ಕು ತಪ್ಪು ಎಂದು ಗುಂಪಿನಿಂದ ಬೇರ್ಪಟ್ಟು, ತನ್ನ ಸ್ಕ್ವಾಡ್ರನ್‌ನ 15 ವಿಮಾನಗಳನ್ನು ನೇರವಾಗಿ ಶತ್ರುವಿನ ಬಳಿಗೆ ತಂದ. ಹದಿನೈದೂ ಬಿದ್ದವು. 30 ಜನರಲ್ಲಿ ಬದುಕಿದವನು ಜಾರ್ಜ್ ಗೇ ಒಬ್ಬನೇ. ಎಂಟರ್‌ಪ್ರೈಸ್‌ನ ಲಿಂಡ್ಸೆ, ಯಾರ್ಕ್‌ಟೌನ್‌ನ ಮ್ಯಾಸ್ಸಿ ಕೂಡ ತಮ್ಮವರೊಡನೆ ಸತ್ತರು. ಮೂರು ಸ್ಕ್ವಾಡ್ರನ್‌ಗಳ 41 ವಿಮಾನಗಳಲ್ಲಿ ಹಿಂತಿರುಗಿದ್ದು ಬೆರಳೆಣಿಕೆಯಷ್ಟು. ಒಂದು ಟಾರ್ಪಿಡೊವೂ ತಗುಲಲಿಲ್ಲ. ಆದರೆ ತಪ್ಪಿಸಿಕೊಳ್ಳಲು ಹಡಗುಗಳು ತಿರುಗುತ್ತಲೇ ಇರಬೇಕಾಯಿತು, ಡೆಕ್ಕುಗಳು ಜೀರೋಗಳನ್ನು ಇಳಿಸಿ ಏರಿಸುವುದರಲ್ಲೇ ಮುಳುಗಿದವು. ನಗುಮೋ ಜೋಡಿಸಬೇಕೆಂದಿದ್ದ ದಾಳಿ ಹ್ಯಾಂಗರ್‌ನಲ್ಲೇ ಉಳಿಯಿತು.

ಎಂಟರ್‌ಪ್ರೈಸ್‌ನ ವೇಡ್ ಮ್ಯಾಕ್‌ಕ್ಲಸ್ಕಿ ತನ್ನ ಡೈವ್ ಬಾಂಬರ್‌ಗಳೊಡನೆ ಹೇಳಿದ ಜಾಗಕ್ಕೆ ಬಂದರೆ ಕಡಲು ಖಾಲಿ. ಇಂಧನ ಕಡಿಮೆಯಾಗುತ್ತಿದ್ದರೂ ಹುಡುಕಾಟ ಬಿಡಲಿಲ್ಲ. 9:55ರ ಹೊತ್ತಿಗೆ ಕೆಳಗೆ ಒಂಟಿ ಡೆಸ್ಟ್ರಾಯರ್ ಒಂದು ವೇಗವಾಗಿ ಈಶಾನ್ಯಕ್ಕೆ ಓಡುತ್ತಿರುವುದು ಕಂಡಿತು. ಅದು ಅರಾಶಿ. ನಾಟಿಲಸ್ ಎಂಬ ಅಮೆರಿಕದ ಸಬ್‌ಮರೀನನ್ನು ಅಡಗಿಸಲು ಹಿಂದೆ ಉಳಿದಿದ್ದ ಅದು ಈಗ ತನ್ನವರನ್ನು ಕೂಡಿಕೊಳ್ಳಲು ಹೊರಟಿತ್ತು. ಅದು ಹೋಗುತ್ತಿದ್ದ ದಿಕ್ಕನ್ನೇ ಮ್ಯಾಕ್‌ಕ್ಲಸ್ಕಿ ಹಿಡಿದ. ಇದೇ ಅರಾಶಿ ಅಂದು ವೆಸ್ಲಿ ಆಸ್ಮಸ್ ಎಂಬ ಯಾರ್ಕ್‌ಟೌನ್ ಪೈಲಟ್‌ನನ್ನು ನೀರಿನಿಂದ ಎತ್ತಿ ವಿಚಾರಣೆ ಮಾಡಿತು. ಅಮೆರಿಕದ ಬಳಿ ಮೂರು ವಾಹಕಗಳಿವೆ ಎಂದು ನಗುಮೋಗೆ ತಿಳಿದದ್ದು ಅವನಿಂದ. ಆಮೇಲೆ ಅವನನ್ನು ಕೊಂದು ಸಮುದ್ರಕ್ಕೆ ಹಾಕಿದರು. ಇನ್ನೊಂದು ಡೆಸ್ಟ್ರಾಯರ್ ಸೆರೆಹಿಡಿದ ಮತ್ತಿಬ್ಬರಿಗೂ ಅದೇ ಗತಿಯಾಯಿತು. ಮಿಡ್‌ವೇ ಕುರಿತ ವೀರಗಾಥೆಗಳಲ್ಲಿ ಈ ಮೂವರು ಹೆಚ್ಚಾಗಿ ಬರುವುದಿಲ್ಲ. ಬರಬೇಕು.

10:20ರ ನಂತರ ನಡೆದದ್ದು ಹೀಗೆ. ಮ್ಯಾಕ್‌ಕ್ಲಸ್ಕಿಯ ಎರಡೂ ಸ್ಕ್ವಾಡ್ರನ್‌ಗಳು ಗೊಂದಲದಲ್ಲಿ ಕಾಗಾ ಒಂದರ ಮೇಲೇ ಬಿದ್ದವು. ಡಿಕ್ ಬೆಸ್ಟ್ ಎಂಬ ಸ್ಕ್ವಾಡ್ರನ್ ನಾಯಕ ಅದನ್ನು ಗಮನಿಸಿ, ತನ್ನೊಂದಿಗಿದ್ದ ಇನ್ನೆರಡು ವಿಮಾನಗಳೊಡನೆ ಪಕ್ಕಕ್ಕೆ ಸರಿದು ಅಕಾಗಿಯ ಕಡೆ ಹೊರಳಿದ. ಮೂರು ವಿಮಾನ, ಮೂರು ಬಾಂಬ್. ಡೆಕ್ಕನ್ನು ಸೀಳಿದ್ದು ಒಂದೇ. ಆದರೆ ಕೆಳಗಿನ ಹ್ಯಾಂಗರ್‌ನಲ್ಲಿ ಇಂಧನ ತುಂಬಿದ ವಿಮಾನಗಳಿದ್ದವು, ಸುತ್ತ ಟಾರ್ಪಿಡೊಗಳೂ ವಾಪಸ್ ಉಗ್ರಾಣಕ್ಕೆ ಇಳಿಸದ ಬಾಂಬುಗಳೂ ಇದ್ದವು. ಅಷ್ಟು ದೊಡ್ಡ ಹಡಗಿಗೆ ಆ ಒಂದು ಸಾಕಾಯಿತು. ಯಾರ್ಕ್‌ಟೌನ್‌ನ ಮ್ಯಾಕ್ಸ್ ಲೆಸ್ಲಿಯ ತಂಡ ಅದೇ ಹೊತ್ತಿಗೆ ಸೊರ್ಯುವಿಗೆ ಮೂರು ಬಾಂಬ್ ಹೊಡೆಯಿತು. ವಿದ್ಯುತ್ ಸ್ವಿಚ್ಚಿನ ದೋಷದಿಂದ ಲೆಸ್ಲಿಯ ಸ್ವಂತ ಬಾಂಬ್ ದಾರಿಯಲ್ಲೇ ಸಮುದ್ರಕ್ಕೆ ಬಿದ್ದುಹೋಗಿತ್ತು. ಆದರೂ ತನ್ನವರ ಮುಂದೆ ಮೊದಲು ಕೆಳಕ್ಕೆರಗಿದವನು ಅವನೇ. ಬೆಸ್ಟ್ ಅಂದು ಮಧ್ಯಾಹ್ನ ಹಿರ್ಯುವಿನ ಮೇಲೂ ಹೋದ. ಆಮ್ಲಜನಕದ ಉಪಕರಣದಿಂದ ಕಾಸ್ಟಿಕ್ ಹೊಗೆ ಎದೆಗೆ ಸೇರಿ, ಒಳಗೆ ಅಡಗಿದ್ದ ಕ್ಷಯ ಎದ್ದು, ಆ ದಿನದ ನಂತರ ಅವನು ಮತ್ತೆಂದೂ ವಿಮಾನ ಹಾರಿಸಲಿಲ್ಲ.

'ಇನ್ನೈದು ನಿಮಿಷ ಸಿಕ್ಕಿದ್ದರೆ ನಮ್ಮ ದಾಳಿ ಹಾರಿಬಿಡುತ್ತಿತ್ತು' ಎಂದು ಯುದ್ಧದ ನಂತರ ಬರೆದವನು ಮಿತ್ಸುವೊ ಫುಚಿದಾ. ಪರ್ಲ್ ಹಾರ್ಬರ್ ದಾಳಿಯ ಮುಂದಾಳು ಅವನೇ. ಮಿಡ್‌ವೇ ಹೊತ್ತಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಅಕಾಗಿಯಲ್ಲೇ ಇದ್ದ. ಕಣ್ಣಾರೆ ಕಂಡವನ ಮಾತೆಂದು ಜಗತ್ತು ದಶಕಗಳ ಕಾಲ ನಂಬಿತು. ಆದರೆ ಉಳಿದುಕೊಂಡ ಹಾರಾಟದ ದಾಖಲೆಗಳು ಬೇರೆಯೇ ಹೇಳುತ್ತವೆ. ಬಾಂಬ್ ಬೀಳುವ ಸ್ವಲ್ಪ ಮೊದಲಿನವರೆಗೂ ಆ ಡೆಕ್ಕುಗಳಲ್ಲಿ ಜೀರೋಗಳ ಓಡಾಟವೇ ನಡೆದಿತ್ತು, ದಾಳಿಯ ವಿಮಾನಗಳು ಇನ್ನೂ ಕೆಳಗಿದ್ದವು. ಅಂದರೆ ನಗುಮೋ ಐದು ನಿಮಿಷದಿಂದ ಸೋತದ್ದಲ್ಲ. ಅವರ ಸೋಲು ಆ ಹೊತ್ತಿಗಾಗಲೇ ಗಾಳಿಯಲ್ಲಿತ್ತು. ಫುಚಿದಾನ ಕಥೆ ನಾಟಕಕ್ಕೆ ಚೆನ್ನ. ಆದರೆ ಅದು ಅಷ್ಟೂ ಹೊರೆಯನ್ನು ಒಬ್ಬ ಮನುಷ್ಯನ ಹೆಗಲಿಗೆ ಹೊರಿಸಿತು.

ಇನ್ನು ಫ್ಲೆಚರ್. ಬೆಳಿಗ್ಗೆ ಬೇಹು ವಿಮಾನಗಳನ್ನು ಕಳಿಸಿದ್ದು ಅವರ ಯಾರ್ಕ್‌ಟೌನ್. ಶತ್ರುವಿನ ವಾಹಕಗಳನ್ನು ಮೊದಲು ಕಂಡದ್ದು ಮಿಡ್‌ವೇಯಿಂದ ಹೊರಟ ಕ್ಯಾಟಲೀನಾ ಎಂಬ ನೀರಮೇಲಿಳಿಯುವ ವಿಮಾನಗಳು. ಇದೇ ಮಾದರಿಯವು ಆ ಯುದ್ಧಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ದುರಸ್ತಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಸುದ್ದಿ ಬಂದ ಕೂಡಲೇ ಫ್ಲೆಚರ್, ತನ್ನ ವಿಮಾನಗಳು ವಾಪಸಾಗುವವರೆಗೆ ಕಾಯದೆ, ನೀನು ಹೋಗಿ ಹೊಡೆ ಎಂದು ಸ್ಪ್ರೂಯೆನ್ಸ್‌ಗೆ ಆಜ್ಞೆ ಕೊಟ್ಟರು. ತಮ್ಮ ವಿಮಾನಗಳಲ್ಲಿ ಒಂದಷ್ಟನ್ನು ಕೈಯಲ್ಲಿಟ್ಟುಕೊಂಡು ಉಳಿದವನ್ನು ತಡವಾಗಿ ಕಳಿಸಿದರು. ಅಂದು ಹೊರಟ ಮೂರು ಹಡಗುಗಳ ತಂಡಗಳಲ್ಲಿ ಚೆದುರದೆ, ದಾರಿ ತಪ್ಪದೆ, ಒಟ್ಟಾಗಿ ಶತ್ರುವಿನ ಬಳಿ ತಲುಪಿದ್ದು ಯಾರ್ಕ್‌ಟೌನ್‌ನದ್ದು ಮಾತ್ರ.

ಉಳಿದಿದ್ದ ಹಿರ್ಯುವಿನಿಂದ ಯಮಾಗುಚಿ ಎದುರೇಟು ಕೊಟ್ಟ. ಮಧ್ಯಾಹ್ನ ಯಾರ್ಕ್‌ಟೌನ್‌ಗೆ ಮೂರು ಬಾಂಬ್ ಬಿದ್ದವು. ಅದರ ಸಿಬ್ಬಂದಿ ಬೆಂಕಿ ಆರಿಸಿ, ಡೆಕ್ಕಿನ ತೂತು ಮುಚ್ಚಿ, ಎರಡು ಗಂಟೆಯೊಳಗೆ ಹಡಗನ್ನು ಮತ್ತೆ ಓಡುವಂತೆ ಮಾಡಿದರು. ಎರಡನೇ ಸಲ ಬಂದ ಜಪಾನಿನವರು ಇದು ಬೇರೆ ಹಡಗೇ ಎಂದು ತಿಳಿದರು. ಈ ಸಲ ಎರಡು ಟಾರ್ಪಿಡೊ. ಬೆಳಗಿನ ದಾಳಿಯಲ್ಲಿ ಇಂಧನದ ಟ್ಯಾಂಕ್ ತೂತಾಗಿದ್ದರೂ, ವಾಪಸ್ ಬರಲಾಗದು ಎಂದು ತಿಳಿದೂ ಹೊರಟಿದ್ದ ತೊಮೊನಾಗ ಅಲ್ಲೇ ಸತ್ತ. ಆದರೆ ಅಷ್ಟರಲ್ಲಿ ಫ್ಲೆಚರ್ ಮೊದಲೇ ಹುಡುಕಲು ಕಳಿಸಿದ್ದ ವಿಮಾನಗಳಲ್ಲಿ ಒಂದಕ್ಕೆ ಹಿರ್ಯು ಕಣ್ಣಿಗೆ ಬಿತ್ತು. ಸಂಜೆ 5ರ ಹೊತ್ತಿಗೆ ಎಂಟರ್‌ಪ್ರೈಸ್‌ನಿಂದ ಹೊರಟ ಬಾಂಬರ್‌ಗಳು, ಹಡಗು ಕಳೆದುಕೊಂಡ ಯಾರ್ಕ್‌ಟೌನ್ ಪೈಲಟ್‌ಗಳನ್ನೂ ಸೇರಿಸಿಕೊಂಡು, ಅದನ್ನು ಮುಗಿಸಿದವು. ಯಮಾಗುಚಿ ಹಡಗಿನ ಕ್ಯಾಪ್ಟನ್ ಕಾಕುವಿನೊಡನೆ ಅಲ್ಲೇ ಉಳಿದು ಮುಳುಗಿದ.

ಯಾರ್ಕ್‌ಟೌನ್ ಬಿಟ್ಟು ಅಸ್ಟೋರಿಯಾ ಎಂಬ ಕ್ರೂಸರ್‌ಗೆ ಬಂದಿದ್ದ ಫ್ಲೆಚರ್‌ಗೆ ಸ್ಪ್ರೂಯೆನ್ಸ್‌ರಿಂದ ಸಂದೇಶ ಬಂತು: ಏನಾದರೂ ಸೂಚನೆ ಇದೆಯೇ? ಫ್ಲೆಚರ್ ಉತ್ತರಿಸಿದರು: ಏನೂ ಇಲ್ಲ, ನಿಮ್ಮ ನಡೆಗೆ ನಾನು ಹೊಂದಿಕೊಳ್ಳುತ್ತೇನೆ. ಹಿರಿಯನಾದವನು, ಗೆಲುವು ಕೈಗೆ ಬಂದಿರುವ ಗಳಿಗೆಯಲ್ಲಿ, ಕಿರಿಯನ ಕೈಗೆ ಎಲ್ಲವನ್ನೂ ಕೊಟ್ಟುಬಿಟ್ಟ. ಕ್ರೂಸರ್‌ನಲ್ಲಿ ಕೂತು ವಾಹಕಗಳನ್ನು ನಡೆಸುವುದು ಆಗದ ಮಾತು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟುಕೊಡದವರು ಎಷ್ಟು ಜನ! ಇಡೀ ಕದನದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ಒಂದು ಸಾಲಿನ ಉತ್ತರ.

ಸ್ಪ್ರೂಯೆನ್ಸ್ ಅದಕ್ಕೆ ತಕ್ಕವರಾಗಿಯೇ ನಡೆದರು. ರಾತ್ರಿ ಪಶ್ಚಿಮಕ್ಕೆ ಬೆನ್ನಟ್ಟದೆ ಪೂರ್ವಕ್ಕೆ ತಿರುಗಿದರು. ಯಮಾಮೊಟೊನ ಭಾರೀ ಯುದ್ಧನೌಕೆಗಳು ಕತ್ತಲಲ್ಲಿ ಕಾಳಗಕ್ಕೆ ಹುಡುಕುತ್ತಿದ್ದದ್ದು ಆಮೇಲೆ ತಿಳಿಯಿತು. ಮರುದಿನ ಸಿಬ್ಬಂದಿ ಮುಖ್ಯಸ್ಥ ಬ್ರೌನಿಂಗ್ ತೀರಾ ದೂರಕ್ಕೆ, ಭಾರದ ಬಾಂಬ್ ಕಟ್ಟಿ ವಿಮಾನ ಕಳಿಸಲು ಹೊರಟಾಗ ಗಾಯಾಳು ಮ್ಯಾಕ್‌ಕ್ಲಸ್ಕಿ ಎದುರು ನಿಂತ. ಪೈಲಟ್‌ಗಳು ಹೇಳಿದಂತೆ ಮಾಡುತ್ತೇನೆ ಎಂದರು ಸ್ಪ್ರೂಯೆನ್ಸ್. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವನಿಂದ ಕೇಳುವುದು ಅವರಿಗೆ ಅವಮಾನ ಎನ್ನಿಸಲಿಲ್ಲ.

ಜಪಾನ್ ಕಳೆದುಕೊಂಡದ್ದು ನಾಲ್ಕು ವಾಹಕ, ಮಿಕುಮಾ ಎಂಬ ಕ್ರೂಸರ್, ಮೂರು ಸಾವಿರಕ್ಕೂ ಹೆಚ್ಚು ಜನ. ಅಮೆರಿಕ ಮುನ್ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಎಳೆದೊಯ್ಯುತ್ತಿದ್ದ ಯಾರ್ಕ್‌ಟೌನನ್ನೂ ಅದರ ಪಕ್ಕದಲ್ಲಿದ್ದ ಹ್ಯಾಮನ್ ಡೆಸ್ಟ್ರಾಯರನ್ನೂ ಜಪಾನಿನ ಸಬ್‌ಮರೀನ್ ಐ-168 ಹೊಡೆಯಿತು. ಜೂನ್ 7ರ ಬೆಳಿಗ್ಗೆ ಯಾರ್ಕ್‌ಟೌನ್ ಮುಳುಗಿತು. ಜಪಾನಿನಲ್ಲಿ ಸೋಲನ್ನು ಬಚ್ಚಿಟ್ಟರು, ಗಾಯಾಳುಗಳನ್ನು ಯಾರೊಂದಿಗೂ ಮಾತಾಡದಂತೆ ಆಸ್ಪತ್ರೆಗಳಲ್ಲಿ ಕೂಡಿಹಾಕಿದರು. ಇತ್ತ ರೋಶ್‌ಫೋರ್ಟ್‌ನನ್ನು ಅದೇ ವರ್ಷ ಆ ನೆಲಮಾಳಿಗೆಯಿಂದ ಎತ್ತಂಗಡಿ ಮಾಡಿದರು. ಅವನಿಗೆ ಸಲ್ಲಬೇಕಿದ್ದ ಪದಕವನ್ನು ಅಧ್ಯಕ್ಷ ರೇಗನ್ ಕೊಟ್ಟದ್ದು 1986ರಲ್ಲಿ, ಅವನು ಸತ್ತು ಹತ್ತು ವರ್ಷವಾದ ಮೇಲೆ.

ನಗುಮೋ ಮತ್ತೆರಡು ವಾಹಕ ಕದನಗಳಲ್ಲಿ ಪಡೆ ನಡೆಸಿದರು. ಕೊನೆಗೆ 1944ರಲ್ಲಿ, ಕೈಯಲ್ಲಿ ಹೇಳಿಕೊಳ್ಳುವಂಥ ಹಡಗುಗಳೇ ಇಲ್ಲದ ಅಡ್ಮಿರಲ್ ಆಗಿ ಸೈಪಾನ್ ದ್ವೀಪದಲ್ಲಿದ್ದರು. ಆ ಜೂನ್‌ನಲ್ಲಿ ಅಲ್ಲಿಗೆ ಸೈನ್ಯ ಇಳಿಸಿದ ಅಮೆರಿಕದ ಐದನೇ ನೌಕಾಪಡೆಯ ನಾಯಕ ಸ್ಪ್ರೂಯೆನ್ಸ್. ಜುಲೈನಲ್ಲಿ ನಗುಮೋ ಆತ್ಮಹತ್ಯೆ ಮಾಡಿಕೊಂಡರು.

ಫ್ಲೆಚರ್‌ರನ್ನು ಗ್ವಾಡಲ್‌ಕೆನಾಲ್ ದ್ವೀಪದ ಕಾಳಗದ ನಂತರ ಅತಿ ಎಚ್ಚರಿಕೆಯವನು, ಅಂಜುವವನು ಎಂದು ದೂರಿ ಉತ್ತರ ಪೆಸಿಫಿಕ್‌ನ ಮಂಜಿನ ಕಡಲಿಗೆ ಸರಿಸಿದರು. ಅವರ ಕಾಗದಪತ್ರಗಳು ಬಹುಪಾಲು ಕದನಗಳಲ್ಲೇ ನಷ್ಟವಾಗಿದ್ದವು. ನೌಕಾಪಡೆಯ ಇತಿಹಾಸ ಬರೆಯಲು ಬಂದವರಿಗೆ ಅವರು ಸಂದರ್ಶನ ಕೊಡಲಿಲ್ಲ, ಕಳೆದ ಪತ್ರಗಳನ್ನು ಮತ್ತೆ ಕೂಡಿಸಿ ತಮ್ಮ ಪರ ವಾದಿಸಲೂ ಇಲ್ಲ. ಬರೆದವರು ತಮಗೆ ತೋಚಿದಂತೆ ಬರೆದರು. 1945ರ ಸೆಪ್ಟೆಂಬರ್‌ನಲ್ಲಿ ಉತ್ತರ ಜಪಾನಿನ ಓಮಿನಾತೋದಲ್ಲಿ ಅಲ್ಲಿನ ಪಡೆಗಳ ಶರಣಾಗತಿ ಸ್ವೀಕರಿಸಿದವರು ಈ ಫ್ಲೆಚರ್. ಅವರು 1973ರವರೆಗೆ ಬದುಕಿದ್ದರು.